ಮಾಳಿಗೆಯ ಮೇಲಿನ ಐದು ಗದ್ದುಗೆಗಳು

ನಮ್ಮ ಮನೆಯ ಗೇಟಿನ ಬೀಗಕ್ಕೆ ಒಂದು ಜೀನ್ಸ್ ಅಂಗಿ ಇದೆ. ಕೀಲಿಕೈ ಹಾಕುವ ಕಡೆ ಹೆಬ್ಬೆರಳ ಉಗುರಿನಷ್ಟು ಮುಚ್ಚಳ, ಆ ಮುಚ್ಚಳಕ್ಕೊಂದು ತಾಮ್ರದ ಗುಂಡಿ, ಅಂಚಿನ ಸುತ್ತ ಹಳದಿ ದಾರದ ಜೋಡಿ ಹೊಲಿಗೆ. ಬೀಗ ತೆಗೆಯಬೇಕೆನ್ನುವವರು ಮೊದಲು ಅದರ ಗುಂಡಿ ಬಿಚ್ಚಬೇಕು. ಹೊಸಬರು ಒಂದು ಗಳಿಗೆ ತಬ್ಬಿಬ್ಬಾಗುತ್ತಾರೆ. ಕೊರಿಯರ್ ತಂದವರೊಬ್ಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಮೇಡಂ, ಇದಕ್ಕ ಪ್ಯಾಂಟ್ ಹೊಲಿಸಿಲ್ಲೇನ್ರಿ?" ಎಂದು ಕೇಳಿದ್ದರು.

ಹೊಲಿದವರು ನನ್ನ ಸೋದರಮಾವ. ನಾನು ಕರೆಯುವುದು ಮಾಮ ಎಂದು. ನಮ್ಮ ಮಾಮನ ಪ್ರಕಾರ ಈ ಲೋಕದಲ್ಲಿರುವುದು ಎರಡೇ ಬಗೆಯ ವಸ್ತುಗಳು: ಕವರ್ ಆದವು, ಕವರ್ ಆಗಬೇಕಾದವು. ಮೂರನೆಯ ಬಗೆಯನ್ನು ಅವರು ಒಪ್ಪುವುದಿಲ್ಲ. ಗ್ಯಾಸ್ ಸಿಲಿಂಡರಿಗೆ ಕಾಲರ್ ಇರುವ ಅಂಗಿ, ಮಿಕ್ಸಿಗೆ ಸೊಂಟಪಟ್ಟಿ, ಅಪ್ಪನ ಸ್ಕೂಟರಿನ ಕನ್ನಡಿಗಳಿಗೆ ಜೋಡಿ ಟೊಪ್ಪಿಗೆ. ಗೋಡೆಗೆ ತೂಗುಹಾಕಿದ ನನ್ನ ಪದವಿ ಪ್ರಮಾಣಪತ್ರವೂ ಒಂದು ಚೀಲದೊಳಗಿದೆ. ಓದಬೇಕೆನ್ನುವವರು ಜಿಪ್ ಎಳೆಯಬೇಕು. ನಾನು ಭೂಗೋಳದಲ್ಲಿ ಎಂ.ಎಸ್ಸಿ. ಮಾಡಿದವಳೆಂಬುದು ಮನೆಗೆ ಬಂದವರಿಗೆ ಹೀಗಾಗಿ ಬೇಗ ತಿಳಿಯುವುದಿಲ್ಲ. ನನಗೆ ಅದರಿಂದ ಅನುಕೂಲವೇ ಆಗಿದೆ.

ಇಡೀ ಮನೆಯಲ್ಲಿ ಮಾಮ ಮುಟ್ಟದೆ ಬಿಟ್ಟದ್ದು ಒಂದನ್ನೇ: ಅವರ ಕೋಣೆಯ ವೆಂಟಿಲೇಟರ್. ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಯ ಮಾಳಿಗೆಯ ಮೇಲೆ ಒಂದೇ ಕೋಣೆ; ಅಲ್ಲಿ ಮಾಮ ಇರುತ್ತಾರೆ. ಪೂರ್ವದ ಗೋಡೆಯಲ್ಲಿ, ಮಂಚದ ನೇರಕ್ಕೆ, ಗಾಜಿಲ್ಲದ ಒಂದು ಚೌಕ ಕಿಂಡಿ. ಅದರ ಸಿಮೆಂಟಿನ ಚೌಕಟ್ಟು ಗೋಡೆಯಿಂದ ನಾಲ್ಕು ಬೆರಳು ಹೊರಗೆ ಚಾಚಿಕೊಂಡಿದೆ. ಬೆಳಗಾದರೆ ಬಿಸಿಲು ಎಲ್ಲಿಯೂ ಅಡ್ಡಾಡದೆ ಸೀದಾ ಮಲಗಿದವರ ಕಣ್ಣಿಗೇ ಬಂದು ಬೀಳುತ್ತದೆ.

"ಅಣ್ಣಾ, ಊರ ಸಾಮಾನಿಗೆಲ್ಲಾ ಅಂಗಿ ಹೊಲಿತಿ, ನಿನ್ನ ಕಿಂಡಿಗೊಂದು ಹೊಲ್ಕೊಬಾರದೇನು?" ಎಂದು ಅಮ್ಮ ಎಷ್ಟೋ ಸಲ ಕೇಳಿದ್ದಾಳೆ.

"ನಾ ಒಬ್ಬಾಂವ. ನನಗ್ಯಾಕ ಬೇಕು? ಬಿಸಲು ಬಿದ್ರ ಏಳ್ತೀನಿ," ಎನ್ನುತ್ತಿದ್ದರು ಮಾಮ.

ಅವರು ಒಬ್ಬರೇ ಆದ ಬಗೆಯನ್ನೂ ಹೇಳಬೇಕು. ಮಾಮನ ಊರು ಸಿರುಗುಪ್ಪ. ದುಡಿದದ್ದು ಬಳ್ಳಾರಿಯ ಒಂದು ಜೀನ್ಸ್ ಯೂನಿಟ್ಟಿನಲ್ಲಿ, ಕಟಿಂಗ್ ಮಾಸ್ಟರ್ ಆಗಿ. ಅಲ್ಲಿಯೇ ಹೊಲಿಗೆಗೆ ಬರುತ್ತಿದ್ದ, ಕುರುಗೋಡು ಊರಿನ ಅತ್ತೆಯನ್ನು ಮದುವೆಯಾದರು. ಮಾಮ ಕತ್ತರಿಸುತ್ತಿದ್ದರು, ಅತ್ತೆ ಕೂಡಿಸುತ್ತಿದ್ದರು. ಸಂಸಾರಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಯಾವುದಿದೆ? ಆದರೆ ಮಾಮನಿಗೆ ಪ್ಯಾಂಟುಗಳ ಮೇಲೆ ಗೌರವ ಕಡಿಮೆಯಾಗುತ್ತ ಬಂತು. "ಮನಿಷ್ಯಾರ ಕಾಲು ಎಲ್ಲಾರದ್ದೂ ಒಂದ ನಮೂನಿ. ಅದಕ್ಕೇನು ಹೊಲಿಯಾದು?" ಎನ್ನುವ ಮಟ್ಟಕ್ಕೆ ಹೋದರು. ವಸ್ತುಗಳ ವಿಷಯ ಹಾಗಲ್ಲವಂತೆ. ಒಂದೊಂದಕ್ಕೂ ಒಂದೊಂದು ಮೈಕಟ್ಟು.

ಸಿರುಗುಪ್ಪದ ಒಂದು ಅಕ್ಕಿ ಗಿರಣಿಯವರು ಮೋಟಾರಿಗೆ ಧೂಳು ಕೂರುತ್ತದೆಂದು ಇವರಿಂದ ಕವರ್ ಹೊಲಿಸಿದರು. ಅದು ಎಷ್ಟು ನಿಖರವಾಗಿ ಕೂತಿತೆಂದರೆ, ಮರುದಿನ ಕವರ್ ಇರುವುದೇ ಯಾರ ಗಮನಕ್ಕೂ ಬರದೆ ಮೋಟಾರು ಚಾಲೂ ಮಾಡಿಬಿಟ್ಟರು. ಮೋಟಾರು ಸುಟ್ಟುಹೋಯಿತು, ಕವರೂ ಸುಟ್ಟುಹೋಯಿತು. ಗಿರಣಿಯ ಮಾಲೀಕರು ಫೋನಿನಲ್ಲಿ ಕೂಗಾಡುತ್ತಿದ್ದರೆ ಮಾಮ ತಣ್ಣಗೆ ಹೇಳಿದ ಮಾತು ಇಂದಿಗೂ ಸಿರುಗುಪ್ಪದಲ್ಲಿ ಓಡಾಡುತ್ತಿದೆ: "ಮೋಟಾರು ಪ್ಯಾಟ್ಯಾಗ ಸಿಗ್ತೈತ್ರಿ. ಆ ಹೊಲಿಗಿ ಎಲ್ಲಿ ಸಿಗಬೇಕು?"

ಇಷ್ಟಾದ ಮೇಲೂ ಬುದ್ಧಿ ಬರಬೇಕಲ್ಲ? ಕೆಲವು ತಿಂಗಳಲ್ಲೇ ಮಾಮ ಕಟಿಂಗ್ ಮಾಸ್ಟರ್ ಕೆಲಸ ಬಿಟ್ಟು, ಇನ್ನು ಮುಂದೆ ಕವರುಗಳದೇ ಉದ್ಯೋಗ ಎಂದು ನಿರ್ಧರಿಸಿದರು. ನಿರ್ಧಾರವನ್ನು ಊರಿಗೆಲ್ಲ ಹೇಳಿದರು, ಅತ್ತೆಗೆ ಹೇಳಲು ಮರೆತರು. ಅತ್ತೆಗೆ ಸುದ್ದಿ ತಿಳಿದದ್ದು ಯೂನಿಟ್ಟಿನ ಇಸ್ತ್ರಿಯವರ ಬಾಯಿಂದ.

"ಮನ್ಯಾಗಿನ ಚಂಬು ತಂಬಿಗಿಗೆಲ್ಲಾ ಅಳತಿ ತಗೊಂಡ್ರಿ," ಎಂದರಂತೆ ಅತ್ತೆ. "ನನ್ನನ್ನೊಂದು ಮಾತು ಕೇಳಬೇಕು ಅನ್ನಾದು ಮಾತ್ರ ನಿಮ್ಮ ಟೇಪಿನ್ಯಾಗ ಬರ್ಲಿಲ್ಲ."

ಹೆಚ್ಚು ಜಗಳವಾಗಲಿಲ್ಲ. ಅತ್ತೆ ತಮ್ಮ ಹೊಲಿಗೆ ಯಂತ್ರವನ್ನು ಆಟೋದಲ್ಲಿ ಹಾಕಿಕೊಂಡು ಕುರುಗೋಡಿನ ಅಣ್ಣನ ಮನೆಗೆ ಹೋದರು. ಹೋಗುವ ಮೊದಲು ಆ ಯಂತ್ರಕ್ಕೆ ಮಾಮ ಹೊಲಿದಿದ್ದ ಕವರನ್ನು ತೆಗೆದು, ನಾಲ್ಕು ಮಡಿಕೆ ಮಾಡಿ, ಮಂಚದ ಮೇಲೆ ಇಟ್ಟು ಹೋದರು. ಮಾಮ ನಮ್ಮ ಮಾಳಿಗೆಯ ಕೋಣೆಗೆ ಬರುವಾಗ ಅದನ್ನು ಹಾಗೇ ತಂದು ಗೂಡಿನಲ್ಲಿಟ್ಟರು. ಮಡಿಕೆ ಬಿಚ್ಚಿದ್ದನ್ನು ನಾನು ನೋಡಿಲ್ಲ.

"ಹೋಗಿ ಕರಿ ಅಣ್ಣಾ," ಎಂದು ಅಮ್ಮ ಹೇಳಿದರೆ ಉತ್ತರ ಸಿದ್ಧವಿತ್ತು. "ಒಂದು ಖರೇ ಆರ್ಡರ್ ಬರ್ಲಿ. ಆಕಿಗೆ, ನೋಡು, ನಿನ್ನ ಕೇಳದ ಮಾಡಿದ್ದಕ್ಕ ಇದರ ಆತು ಅಂತ ತೋರಿಸಾಕ ಏನರ ಬೇಕಲ್ಲ? ಬರೀ ಕೈಲೆ ಕುರುಗೋಡಿಗೆ ಹೆಂಗ ಹೋಗ್ಲಿ?"

ಆ ಖರೇ ಆರ್ಡರ್ ಬಂದದ್ದು ನನ್ನ ಮೂಲಕ. ವಿಶ್ವವಿದ್ಯಾಲಯದಲ್ಲಿ ನನ್ನ ಕೋಣೆಯಲ್ಲಿದ್ದ ಗೆಳತಿ ಕಾರವಾರದವಳು. ಅವಳ ಅಣ್ಣ ಸಿರಿವಂತರ ಹಾಯಿದೋಣಿಗಳನ್ನು ನೋಡಿಕೊಳ್ಳುತ್ತಾನೆ. ಈ ದೋಣಿಗಳ ಮೇಲಂಗಳಕ್ಕೆ ಡೆಕ್ ಎನ್ನುತ್ತಾರೆ. ಕೆಳಗಿನ ಕೋಣೆಗಳಿಗೆ ಗಾಳಿ ಬೆಳಕು ಬರಲೆಂದು ಅಲ್ಲಿ ಗಾಜಿನಂಥ ಮುಚ್ಚಳಗಳಿರುತ್ತವೆ. ಅವೇ ಹ್ಯಾಚುಗಳು. ಬಿಸಿಲಿಗೆ ಅವು ಮಬ್ಬಾಗುತ್ತವೆ, ಬಿರುಕು ಬಿಡುತ್ತವೆ, ಒಳಗೆ ಕೂತವರು ಬೇಯುತ್ತಾರೆ. ಹಾಗಾಗದಿರಲು ಪ್ರತಿಯೊಂದಕ್ಕೂ ಅಳತೆಗೆ ಸರಿಯಾದ ಬಟ್ಟೆಯ ಕವರ್ ಬೇಕು. ನನ್ನ ನೀರಿನ ಬಾಟಲಿಯ ಅಂಗಿಯನ್ನು ಎರಡು ವರ್ಷ ನೋಡಿ ನಕ್ಕಿದ್ದ ಗೆಳತಿಗೆ ಆಗ ನಮ್ಮ ಮಾಮ ನೆನಪಾದರು.

ನಾನು ಇದನ್ನೆಲ್ಲ ವಿವರಿಸಿ ಮುಗಿಸುವ ಮೊದಲೇ ಮಾಮ ತೊಡೆ ತಟ್ಟಿದರು. "ಅಂದ್ರ ಗವಾಕ್ಷಿ! ಸಿರುಗುಪ್ಪದ ನಮ್ಮ ಮಣ್ಣಿನ ಮಾಳಿಗಿ ಮ್ಯಾಲೆ ಬೆಳಕಿಗೆ ಅಂತ ಕಿಂಡಿ ಇತ್ತಲ್ಲ, ಹಂತಾದು. ದೋಣಿಗೂ ಮಾಳಿಗಿ ಇರ್ತೈತಿ ಅನ್ನು!"

ಸಮುದ್ರವನ್ನು ಇಷ್ಟು ಬೇಗ ಸಿರುಗುಪ್ಪಕ್ಕೆ ತಂದವರನ್ನು ನಾನು ಬೇರೆ ಕಂಡಿಲ್ಲ. ಸಾಗರ ಪ್ರವಾಹಗಳ ಬಗ್ಗೆ ಪುಟಗಟ್ಟಲೆ ಬರೆದು ಪಾಸಾದ ನಾನು ಕಡಲನ್ನು ನೋಡಿದ್ದು ಒಂದೇ ಸಲ. ಮಾಮ ಅದನ್ನೂ ನೋಡಿಲ್ಲ.

ಗೆಳತಿಯ ಅಣ್ಣ ಬಿಸಿಲಿಗೆ ಬಣ್ಣ ಬಿಡದ ನೀಲಿ ಕ್ಯಾನ್ವಾಸಿನ ಸುರುಳಿಯನ್ನೂ ಐದು ಹ್ಯಾಚುಗಳ ಕಾಗದದ ಪಡಿಯಚ್ಚುಗಳನ್ನೂ ಕಳಿಸಿದ. ಪ್ರತಿ ಮೂಲೆಯ ದುಂಡು, ಪ್ರತಿ ಅಂಚಿನ ಎತ್ತರ, ಎಲ್ಲ ಮಿಲಿಮೀಟರುಗಳಲ್ಲಿ. ನನಗೆ ಅದು ಬಹಳ ಹಿಡಿಸಿತು. ಮಾಮ ಅದನ್ನು ನೆಲದ ಮೇಲೆ ಹರಡಿ, ಅಂಗೈಯಿಂದ ಸವರಿ, ಎದ್ದರು.

"ಕಾಗದಕ್ಕ ಹೊಲಿದ್ರ ಕಾಗದಕ್ಕ ಆಗ್ತೈತಿ. ನನಗ ಸಾಮಾನು ಕೈಗೆ ಸಿಗಬೇಕು."

"ಮಾಮ, ದೋಣಿ ಕಾರವಾರದಾಗ ಐತಿ."

"ಸಿರುಗುಪ್ಪತನಕ ಹೊಳಿ ಐತಲ್ಲ. ತರಾಕ ಬರಂಗಿಲ್ಲೇನು?"

ತುಂಗಭದ್ರೆ ಯಾವ ಕಡೆಗೆ ಹರಿಯುತ್ತಾಳೆಂದು ನಾನು ಭೂಪಟ ತೆಗೆದು ತೋರಿಸಿದೆ. ನದಿ ತಪ್ಪು ಮಾಡಿದೆ ಎಂಬಂತೆ ಅವರು ತಲೆಯಾಡಿಸಿದರು.

ಮರುವಾರ ಪಕ್ಕದ ಮೋಕಾ ಊರಿನಿಂದ ಒಬ್ಬ ಗಾರೆಯವನು ಬಂದ. ಸಂಜೆಯ ಹೊತ್ತಿಗೆ ನಮ್ಮ ಮಾಳಿಗೆಯ ಮೇಲೆ ಆ ಪಡಿಯಚ್ಚುಗಳ ಅಳತೆಗೇ ಇಟ್ಟಿಗೆ ಸಿಮೆಂಟಿನ ಐದು ಕಟ್ಟೆಗಳೆದ್ದಿದ್ದವು. ಎರಡು ದೊಡ್ಡವು, ಎರಡು ಮಧ್ಯಮ, ತುದಿಗೆ ಒಂದು ಚಿಕ್ಕದು. ಮೂಲೆಗಳು ದುಂಡಗೆ, ತಲೆ ನುಣ್ಣಗೆ. ಅಪ್ಪ ಆಫೀಸಿನಿಂದ ಬಂದು ಮೆಟ್ಟಿಲ ತುದಿಯಲ್ಲೇ ನಿಂತುಬಿಟ್ಟರು. "ಭಾವ, ಇವೇನ್ರಿ?"

"ದೋಣಿ," ಎಂದರು ಮಾಮ.

ಅಪ್ಪ ಇನ್ನೇನೂ ಕೇಳದೆ ಇಳಿದು ಹೋದರು. ಅಪ್ಪ ಒಳ್ಳೆಯವರು.

ಕ್ಯಾನ್ವಾಸ್ ಕತ್ತರಿಸಿ ಐದೂ ಕವರುಗಳು ಒಂದು ಹಂತಕ್ಕೆ ಬಂದ ಮೇಲೆ ಪರೀಕ್ಷೆ ಶುರುವಾಯಿತು. ಸಮುದ್ರದ ಬಿಸಿಲು ಬಹಳ ಜೋರು ಎಂದು ಗೆಳತಿಯ ಅಣ್ಣ ವಿಡಿಯೊ ಕರೆಯಲ್ಲಿ ಹೇಳಿದ್ದಕ್ಕೆ ಮಾಮನಿಗೆ ನಗು ತಡೆಯಲಾಗಿರಲಿಲ್ಲ. "ಬಳ್ಳಾರಿಯವರಿಗೆ ಬಿಸಲಿನ ಹೆದರಿಕಿ ಹಾಕ್ತಾನಲ್ಲವಾ!" ದಿನವೂ ಹೊತ್ತು ಮೂಡುವಾಗ ಐದೂ ಕಟ್ಟೆಗಳಿಗೆ ಕವರ್ ತೊಡಿಸುವುದು, ಅಂಚಿನ ಎಲಾಸ್ಟಿಕ್ ಎಳೆದು ನೋಡುವುದು, ಸುತ್ತು ಹಾಕುವುದು, ಹೊತ್ತು ಮುಳುಗುವಾಗ ಒಂದೊಂದಾಗಿ ತೆಗೆಯುವುದು. ಇಷ್ಟನ್ನೂ ಅವರು ಮೌನವಾಗಿ, ಚಪ್ಪಲಿ ಬಿಟ್ಟು ಮಾಡುತ್ತಿದ್ದರು. ಮೌನ ಯಾಕೆಂದರೆ ಬಾಯಲ್ಲಿ ಗುಂಡುಸೂಜಿ. ಬರಿಗಾಲು ಯಾಕೆಂದರೆ ಕ್ಯಾನ್ವಾಸಿಗೆ ಕೊಳೆಯಾಗಬಾರದು.

ಪಕ್ಕದ ಮಾಳಿಗೆಯಿಂದ ನೋಡುವವರಿಗೆ ಇದೆಲ್ಲ ಹೇಗೆ ತಿಳಿಯಬೇಕು?

ಒಂದು ಬೆಳಿಗ್ಗೆ, ಮಾಮ ಕವರ್ ತೊಡಿಸುವ ಮೊದಲೇ, ಬಟ್ಟೆ ಒಣಗಿಸಲು ಹೋದೆ. ಐದೂ ಕಟ್ಟೆಗಳಿಗೆ ವಿಭೂತಿ ಹಚ್ಚಿತ್ತು, ಒಂದೊಂದರ ಮೇಲೆ ಒಂದೊಂದು ಕಣಗಿಲೆ ಹೂ. ಪಕ್ಕದ ಮನೆಯ ಅಜ್ಜಿ ನಡುವಿನ ಗಿಡ್ಡ ಗೋಡೆ ದಾಟಿ ಬಂದು, ಶರಣರ ಸಮಾಧಿಯ ಮುಂದೆಂಬಂತೆ ಕೈಮುಗಿದು ನಿಂತಿದ್ದರು.

"ಅಜ್ಜಿ, ಇವು ಗದ್ದಿಗಿ ಅಲ್ಲ," ಎಂದೆ. "ದೋಣಿ ಕಿಟಕಿ."

"ಮಾಳಿಗಿ ಮ್ಯಾಲೆ ದೋಣಿ?"

"ಹೂಂ."

"ಹಂಗ ಅನಬಾರದವ್ವ, ಓದಿದಾಕಿ ನೀನು. ಐದು ಮಂದಿ ಶರಣರು ಅಂತ ಓಣಿಗೆಲ್ಲಾ ಗೊತ್ತೈತಿ. ನಿನ್ನೆ ಬೇಡಿಕೊಂಡೆ, ಇವತ್ತು ನಳ ಬಂತು!"

ನಮ್ಮ ಬಡಾವಣೆಯಲ್ಲಿ ನಳದಲ್ಲಿ ನೀರು ಬರುವುದು ಎಷ್ಟು ದಿನಕ್ಕೊಮ್ಮೆ ಎಂದು ಬಲ್ಲವಳಾದ್ದರಿಂದ ನಾನು ಬಟ್ಟೆ ಹರವತೊಡಗಿದೆ. ಅಜ್ಜಿಯ ಮಗಳನ್ನು ಕುರುಗೋಡಿಗೆ ಕೊಟ್ಟಿದೆ ಎಂಬುದು ನನಗೆ ಆಗ ನೆನಪಾಗಲಿಲ್ಲ.

ಕವರುಗಳು ಪೂರ್ತಿಯಾದ ದಿನ ಗೆಳತಿಯ ಅಣ್ಣನಿಗೆ ವಿಡಿಯೊದಲ್ಲಿ ತೋರಿಸಿದೆವು. ಮೊದಲು ಅವನ ಕಣ್ಣಿಗೆ ಬಿದ್ದದ್ದು ಹಳದಿ ದಾರದ ಜೋಡಿ ಹೊಲಿಗೆ, ಆಮೇಲೆ ಪ್ರತಿ ಕವರಿನ ಬದಿಗಿದ್ದ ಜೇಬು.

"ಅಂಕಲ್, ಜೇಬು ಯಾಕೆ?"

"ಜೇಬಿಲ್ಲದ್ದು ಬಳ್ಳಾರಿದ್ದು ಹೆಂಗಾಗ್ತೈತ್ರಿ?"

"ಬೇಡ ಅಂಕಲ್. ಮತ್ತೆ ಈ ಉದ್ದ ದಾರ?"

ಪ್ರತಿ ಕವರಿನ ಒಂದು ಅಂಚಿಗೆ ಮೊಳದುದ್ದದ, ತುದಿಗೆ ಗಂಟು ಹಾಕಿದ ದಾರವಿತ್ತು. ಮಾಮ ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದರು. "ಒಳಗ ಯಾರರ ಮಲಗಿರ್ತಾರಲ್ಲ? ಬೆಳಕು ಬೇಕಾತು ಅಂದ್ರ ಮಲಗಿದಲ್ಲಿಂದ ದಾರ ಎಳೀಬೇಕು, ಕವರ್ ಸರೀಬೇಕು. ಪಾಪ, ಅವರು ಏಳಬಾರದು."

"ಅಂಕಲ್, ಹ್ಯಾಚ್ ಮುಚ್ಚಿದರೆ ನೀರು ಕೂಡ ಒಳಗೆ ಹೋಗೋದಿಲ್ಲ. ದಾರ ಎಲ್ಲಿಂದ ಹೋಗಬೇಕು?"

ಮಾಮ ದಾರವನ್ನು ಬೆರಳಿಗೆ ಸುತ್ತಿಕೊಂಡರು. "ಇರ್ಲಿ ಬಿಡ್ರಿ. ದಾರಕ್ಕೇನು ಭಾರ?"

ಜೇಬುಗಳನ್ನು ಅವತ್ತೇ ಬಿಚ್ಚಿದರು. ದಾರ ಉಳಿಯಿತು. ದಾರದ ಮಾತು ಮತ್ತೆ ಎತ್ತಿದ್ದಕ್ಕೆ ನನಗೂ ಒಂದು ಮಾತು ಸಿಕ್ಕಿತು: "ಯವ್ವಾ, ಜೇಬು ಚಂದಕ್ಕ. ದಾರ ಚಂದಕ್ಕಲ್ಲ."

ಪಾರ್ಸೆಲ್ಲಿಗೆ ಪೆಟ್ಟಿಗೆ ತಂದದ್ದಾಯಿತು. ಮಾಮ ಕುರುಗೋಡಿಗೆಂದು ಬಿಳಿ ಅಂಗಿಯೊಂದನ್ನು ಇಸ್ತ್ರಿ ಮಾಡಿಸಿ ಮೊಳೆಗೆ ತೂಗುಹಾಕಿದರು. ಅದಕ್ಕೂ ಒಂದು ಕವರ್, ಹೇಳಬೇಕೆ? ಪೆಟ್ಟಿಗೆಗೆ ವಿಳಾಸ ಬರೆಯುವ ಮೊದಲು ಗೆಳತಿಯ ಫೋನ್ ಬಂತು. ದೋಣಿಯ ಮಾಲೀಕ ದೋಣಿಯನ್ನೇ ಮಾರಿಬಿಟ್ಟಿದ್ದ. ಕವರ್ ಬೇಕಿಲ್ಲ.

ಆ ಸಂಜೆಯೇ ಮಾಮನಿಗೆ ಹೇಳಿದೆ. ಇಂಥವನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

"ದೋಣಿ ಮಾರಿದ್ರ ಗವಾಕ್ಷಿ ಎಲ್ಲಿ ಹೋಗ್ತಾವ?" ಎಂದರು.

"ಕೊಂಡವರು ಅವನ್ನೆಲ್ಲಾ ಕಿತ್ತು ಬ್ಯಾರೆ ಹಾಕಿಸ್ತಾರಂತ, ಮಾಮ."

ಮಾಮ ಕೊರಳಿನ ಟೇಪನ್ನು ತೆಗೆದು ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. "ಹಂಗಾದ್ರ ಕುರುಗೋಡು ಈ ವರ್ಷ ಆಗಂಗಿಲ್ಲ ಅನ್ನು," ಎಂದರು. ಬಿಳಿ ಅಂಗಿ ಮೊಳೆಯಲ್ಲೇ ಉಳಿಯಿತು.

ಆಮೇಲೂ ಅವರು ದಿನಾ ಬೆಳಿಗ್ಗೆ ಎದ್ದು ಕಟ್ಟೆಗಳಿಗೆ ಕವರ್ ತೊಡಿಸುವುದನ್ನು, ಸಂಜೆ ತೆಗೆಯುವುದನ್ನು ಬಿಡಲಿಲ್ಲ. ಬಾಯಲ್ಲಿ ಈಗ ಗುಂಡುಸೂಜಿ ಇರಲಿಲ್ಲ, ಆದರೂ ಮಾತಿರಲಿಲ್ಲ. ಯಾರಿಗೂ ಅದನ್ನು ಕೇಳುವ ಧೈರ್ಯವಾಗಲಿಲ್ಲ. ಅಪ್ಪ ಮಾತ್ರ ಒಂದು ದಿನ ಮೆಲ್ಲಗೆ, "ಭಾವ, ಮಳಿ ಹಿಡಿಯಾದ್ರೊಳಗ ಅವನ್ನ ಒಡಸಬೇಕಾಗ್ತೈತ್ರಿ. ನೀರು ನಿಂತು ಸ್ಲ್ಯಾಬಿಗೆ ಇಳೀತೈತಿ," ಎಂದರು. "ಒಡಸ್ರಿ," ಎಂದರು ಮಾಮ. ಮೋಕಾದ ಗಾರೆಯವನು ಸೋಮವಾರ ಬೆಳಿಗ್ಗೆ ಬರುತ್ತೇನೆಂದ.

ಭಾನುವಾರ ಮಧ್ಯಾಹ್ನ, ಓಣಿಯಲ್ಲಿ ನಾಯಿಯೂ ಓಡಾಡದ ಬಿಸಿಲಿನಲ್ಲಿ, ಕೊಡೆ ಹಿಡಿದು ಅತ್ತೆ ಬಂದರು. ಹಗಲು ಹೊತ್ತು ನಮ್ಮ ಬೀಗ ಗೇಟಿನ ಕೊಂಡಿಗೆ ಸುಮ್ಮನೆ ಜೋತಿರುತ್ತದೆ. ಅದರ ಅಂಗಿಯ ಗುಂಡಿ ಬಿಚ್ಚಿತ್ತು. ಅತ್ತೆ ನಿಂತು ಅದನ್ನು ಹಾಕಿ ಒಳಗೆ ಬಂದರು.

"ಎಲ್ಲಿ ಅದಾರ?"

"ಮ್ಯಾಲೆ ಅದಾರತ್ತಿ. ನೀರು ಕುಡೀರಿ."

"ಖರೇನು? ಐದು ಗದ್ದಿಗಿ ಕಟ್ಟಿಸ್ಯಾರಂತ. ಹೊತ್ತು ಮೂಡಿದ್ರ ನೀಲಿ ಅರಿವಿ ಹೊದಸ್ತಾರಂತ, ಹೊತ್ತು ಮುಳುಗಿದ್ರ ತಗೀತಾರಂತ. ಮಾತು ಬಿಟ್ಟಾರ, ಊಟ ಬಿಟ್ಟಾರ, ಇನ್ನ ಮಠಾನ ಸೇರ್ತಾರ ಅಂತ ಕುರುಗೋಡಿನ್ಯಾಗ ಬಾವಿ ಕಟ್ಟಿ ಮ್ಯಾಲೆ ಮಾತಾಡ್ತಾರ."

ನಾನು ನಿಜವಾದಷ್ಟನ್ನು ಹೇಳಿದೆ: "ಊಟ ಬಿಟ್ಟಿಲ್ಲತ್ತಿ. ಮುಂಜಾನಿ ಮೂರು ರೊಟ್ಟಿ ತಿಂದಾರ."

ಅತ್ತೆ ನೀರು ಕುಡಿಯದೆ ಮೆಟ್ಟಿಲು ಹತ್ತಿದರು. ಚೊಂಬು ಹಿಡಿದು ನಾನು ಹಿಂದೆ ಹೋದೆ. ಕೋಣೆಯ ನೆರಳಿನಲ್ಲಿ ಕೂತಿದ್ದ ಮಾಮ ಎದ್ದು ನಿಂತರು. ಅತ್ತೆ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿ, ಆಮೇಲೆ ಕಟ್ಟೆಗಳನ್ನು ನೋಡಿದರು.

"ಇವೇನು?"

"ದೋಣಿ ಗವಾಕ್ಷಿ."

"ದೋಣಿ ಎಲ್ಲೈತಿ?"

"ಮಾರ್ಯಾರ."

"ಮತ್ತ ಆರ್ಡರು?"

"ಹೋತು."

"ಆರ್ಡರ ಹೋದಮ್ಯಾಲೆ ದಿನಾ ಯಾಕ ಹೊದಸ್ತೀರಿ ಇವಕ್ಕ? ಮಡಚಿ ಇಡಾಕ ಬರಂಗಿಲ್ಲೇನು?"

ಮಾಮ ಕೋಣೆಯ ಗೂಡಿನ ಕಡೆ ನೋಡಿದರು. "ಮಡಚಿ ಇಟ್ಟದ್ದು ಒಂದು ಐತಿ ಮನ್ಯಾಗ," ಎಂದರು. "ಅದಾ ಸಾಕು."

ಅತ್ತೆ ಚಿಕ್ಕ ಕಟ್ಟೆಯ ಬಳಿ ಕುಕ್ಕುರುಗಾಲಿನಲ್ಲಿ ಕೂತು, ಕವರಿನ ಅಂಚನ್ನು ಬೆರಳಿನಿಂದ ಸವರುತ್ತ ಹೋದರು. ದಾರ ಕೈಗೆ ಸಿಕ್ಕಿತು. ಗಂಟಿನ ತನಕ ಎಳೆದು ನೋಡಿ ಹಾಗೇ ಹಿಡಿದುಕೊಂಡರು.

"ಇದನ್ನ ಇನ್ನಾ ಬಿಟ್ಟಿಲ್ಲೇನ್ರಿ?"

ಅತ್ತೆ ನನ್ನ ಕಡೆ ತಿರುಗಿದರು. ಆದರೆ ಹೇಳಿದ್ದು ದಾರಕ್ಕೆ. "ಲಗ್ನಾದ ವರ್ಷ ನಾನು ಜ್ವರ ಹಿಡಿದು ಮಲಗಿದ್ದೆ. ಸಿರುಗುಪ್ಪದ ಮನ್ಯಾಗ ಗವಾಕ್ಷಿ ಬಿಸಲು ಸೀದಾ ಕಣ್ಣಿಗೆ ಬಡೀತಿತ್ತು. ಮಾಳಿಗಿ ಏರಿ ಜೀನ್ಸ್ ಬಟ್ಟಿದೊಂದು ಕವರ್ ಹಾಕಿದ್ರು. ಬೆಳಕು ಬೇಕಾದಾಗ ನಾನು ಏಳಬಾರದು ಅಂತ ಹಿಂತಾದ ದಾರ ಬಿಟ್ಟಿದ್ರು, ಮಂಚದತನಕ. ಇವರು ಹೊಲಿದ ಮೊದಲ್ನೇ ಕವರ ಅದು."

ನಾನು ಚೊಂಬನ್ನು ನೆರಳಿನಲ್ಲಿಟ್ಟು ಕೆಳಗಿಳಿದು ಬಂದೆ. ಅಲ್ಲಿ ನನಗೆ ಕೆಲಸವಿರಲಿಲ್ಲ. ಅಮ್ಮ ಏನಾಯಿತೆಂದು ಕಣ್ಣಿನಲ್ಲೇ ಕೇಳಿದಳು. ನಾನು ಇನ್ನಷ್ಟು ಅಕ್ಕಿ ತೊಳೆದಿಟ್ಟೆ. ಬಹಳ ಹೊತ್ತಿನ ಮೇಲೆ ಮೇಲಿನಿಂದ ದನಿಗಳು ಕೇಳಿಬಂದವು.

"ಈ ಮೂಲಿ ಸಡ್ಲ ಐತಿ."

"ಎಲ್ಲೈತಿ ಸಡ್ಲ?"

"ಇಲ್ಲೈತಿ, ಕಣ್ಣು ಬಿಟ್ಟು ನೋಡ್ರಿ. ನನ್ನ ಕೇಳಿದ್ರ ಅವತ್ತ ಹೇಳ್ತಿದ್ದೆ."

"ಈಗ ಕೇಳ್ತೀನಲ್ಲ."

ಕುರುಗೋಡಿನ ಕೊನೆಯ ಬಸ್ಸಿನ ಹೊತ್ತು ಬಂತು, ಹೋಯಿತು. ಯಾರೂ ಅದರ ಸುದ್ದಿ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಗಾರೆಯವನು ಸುತ್ತಿಗೆ, ಉಳಿ ಹಿಡಿದು ಗೇಟಿಗೆ ಬಂದ. ಅವನನ್ನು ನಿಲ್ಲಿಸಿ, ಮಾಮನಿಗೆ ಹೇಳಿ ಬರಲೆಂದು ನಾನು ಮೆಟ್ಟಿಲು ಹತ್ತಿದೆ. ಬಿಸಿಲು ಆಗಲೇ ಮಾಳಿಗೆಯ ತುಂಬ ಹರಡಿತ್ತು. ಐದೂ ಕಟ್ಟೆಗಳು ಬರಿಮೈಯಲ್ಲಿದ್ದವು, ತೊಡಿಸುವವರು ಎದ್ದಿರಲಿಲ್ಲ. ಕೋಣೆಯ ಬಾಗಿಲು ಮುಚ್ಚಿತ್ತು. ಪೂರ್ವದ ಗೋಡೆಯ ಕಡೆ ಹೋಗಿ ನೋಡಿದೆ. ವೆಂಟಿಲೇಟರಿನ ಚೌಕಟ್ಟಿಗೆ ಐದರಲ್ಲಿ ಚಿಕ್ಕದಾದ ನೀಲಿ ಕವರ್ ತೊಡಿಸಿತ್ತು. ಒಂದು ಮೂಲೆಯನ್ನು ಹೊಸದಾಗಿ ಬಿಗಿ ಮಾಡಿದ್ದರು. ದಾರ ಕಿಂಡಿಯ ಸಂದಿಯಿಂದ ಒಳಕ್ಕೆ ಇಳಿದಿತ್ತು.

ನಾನು ಚಪ್ಪಲಿ ಕೈಯಲ್ಲಿ ಹಿಡಿದು ಕೆಳಗಿಳಿದೆ. ಗಾರೆಯವನಿಗೆ, "ಇವತ್ತು ಬ್ಯಾಡ್ರಿ," ಎಂದು ಹೇಳಿ, ಚಹಾ ಕೊಟ್ಟು ಕಳಿಸಿದೆ. ಆಮೇಲೆ ಗೇಟು ಮುಂದೆಳೆದು, ಬೀಗದ ಅಂಗಿಯ ಗುಂಡಿ ಹಾಕಿದೆ.